ಟೆರೇರಿಯಂ: ಗಾಜಿನೊಳಗಿನ ತೋಟದ ಇತಿಹಾಸ

ಗಾಜಿನ ಪಾತ್ರೆಯೊಳಗೆ ಮಣ್ಣು ಹರಡಿ, ತೇವವನ್ನೂ ನೆರಳನ್ನೂ ಬಯಸುವ ಚಿಕ್ಕ ಸಸ್ಯಗಳನ್ನು ನೆಟ್ಟು, ಬಾಯಿಯನ್ನು ಪೂರ್ತಿಯಾಗಿಯೋ ಭಾಗಶಃವೋ ಮುಚ್ಚಿ ಬೆಳೆಸುವ ಕಿರುತೋಟಕ್ಕೆ ಟೆರೇರಿಯಂ ಎಂದು ಹೆಸರು. ಇದರ ಒಳಗೆ ನಡೆಯುವ ವ್ಯವಹಾರ ಸರಳವಾದದ್ದು. ಬೇರುಗಳು ಮಣ್ಣಿನಿಂದ ಹೀರಿದ ನೀರನ್ನು ಎಲೆಗಳು ತಮ್ಮ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಹೊರಬಿಡುತ್ತವೆ. ಬಾಷ್ಪವಿಸರ್ಜನೆ ಎಂದು ಕರೆಯುವ ಈ ಕ್ರಿಯೆಯಿಂದ ಹೊರಟ ಆವಿ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟಿ, ಗೋಡೆಯ ಮೇಲಿಂದ ಇಳಿದು ಮತ್ತೆ ಮಣ್ಣು ಸೇರುತ್ತದೆ. ಹಗಲಿನಲ್ಲಿ ಎಲೆಗಳು ಬೆಳಕಿನ ನೆರವಿನಿಂದ ಇಂಗಾಲದ ಡೈಆಕ್ಸೈಡನ್ನು ಬಳಸಿಕೊಂಡು ಆಮ್ಲಜನಕವನ್ನು ಬಿಡುತ್ತವೆ. ಸಸ್ಯಗಳ ಉಸಿರಾಟದಿಂದಲೂ ಮಣ್ಣಿನ ಸೂಕ್ಷ್ಮಜೀವಿಗಳು ಉದುರಿದ ಎಲೆಗಳನ್ನು ಕೊಳೆಸುವುದರಿಂದಲೂ ಇಂಗಾಲದ ಡೈಆಕ್ಸೈಡ್ ಮರಳಿ ದೊರೆಯುತ್ತದೆ. ಈ ಕೊಡುಕೊಳ್ಳುವಿಕೆ ಸಮತೋಲದಲ್ಲಿರುವಷ್ಟು ಕಾಲ ಹೊರಗಿನಿಂದ ಬೇಕಾಗುವುದು ಬೆಳಕು ಮಾತ್ರ. ಇಂದು ಮನೆಯ ಅಲಂಕಾರವೆಂದು ಎಣಿಸಲಾಗುವ ಈ ಪಾತ್ರೆಯ ಹಿಂದಿನ ರೂಪ, ಹತ್ತೊಂಬತ್ತನೆಯ ಶತಮಾನದಲ್ಲಿ ಚಹಾ, ಸಿಂಕೋನ, ರಬ್ಬರುಗಳಂತಹ ಬೆಳೆಗಳನ್ನು ಒಂದು ಖಂಡದಿಂದ ಇನ್ನೊಂದಕ್ಕೆ ಸಾಗಿಸಿ ದೇಶಗಳ ಆರ್ಥಿಕತೆಯನ್ನೇ ಬದಲಿಸಿತೆಂಬುದು ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ.

ಅದಕ್ಕೂ ಮೊದಲು ಜೀವಂತ ಸಸ್ಯಗಳನ್ನು ಹಡಗಿನಲ್ಲಿ ದೂರದೇಶಕ್ಕೆ ಒಯ್ಯುವುದು ಬಹುಮಟ್ಟಿಗೆ ನಷ್ಟದ ಕೆಲಸವಾಗಿತ್ತು. ಕುಂಡಗಳನ್ನು ಹಡಗಿನ ಮೇಲ್ಭಾಗದಲ್ಲಿಟ್ಟರೆ ಉಪ್ಪುನೀರಿನ ಸಿಂಚನವೂ ಬಿರುಗಾಳಿಯೂ ಎಲೆಗಳನ್ನು ಸುಡುತ್ತಿದ್ದವು. ಒಳಗಿಟ್ಟರೆ ಬೆಳಕಿಲ್ಲದೆ ಸಸ್ಯಗಳು ಬಿಳಿಚಿಕೊಳ್ಳುತ್ತಿದ್ದವು. ಕುಡಿಯುವ ನೀರಿಗೆ ಕೊರತೆ ಬಿದ್ದಾಗ ನಾವಿಕರು ಮೊದಲು ಕಡಿತಗೊಳಿಸುತ್ತಿದ್ದುದು ಗಿಡಗಳ ಪಾಲನ್ನು. 1789ರಲ್ಲಿ ದಂಗೆಯೆದ್ದ ಬೌಂಟಿ ಹಡಗಿನಲ್ಲಿ ಟಹೀಟಿಯಿಂದ ತಂದ ದೀವಿಹಲಸಿನ ಸಸಿಗಳಿಗಾಗಿ ಹಡಗಿನ ದೊಡ್ಡ ಕೋಣೆಯನ್ನೇ ಸಸ್ಯಾಗಾರವಾಗಿ ಮಾರ್ಪಡಿಸಲಾಗಿತ್ತೆಂಬುದು ಈ ಕಷ್ಟದ ಪ್ರಮಾಣವನ್ನು ತೋರಿಸುತ್ತದೆ. ಮಕಾವಿನಲ್ಲಿದ್ದ ವೈದ್ಯ ಜಾನ್ ಲಿವಿಂಗ್‌ಸ್ಟನ್, ಚೀನಾದಿಂದ ಇಂಗ್ಲೆಂಡಿಗೆ ಹೊರಟ ಸಾವಿರ ಸಸ್ಯಗಳಲ್ಲಿ ಒಂದು ಮಾತ್ರ ಬದುಕಿ ತಲುಪುತ್ತದೆಂದು 1819ರಲ್ಲಿ ಅಂದಾಜು ಮಾಡಿದ್ದನು.

ಈ ತೊಡಕಿಗೆ ಪರಿಹಾರ ದೊರೆತದ್ದು ಲಂಡನ್ನಿನ ಪೂರ್ವಭಾಗದ ಹೊಗೆತುಂಬಿದ ಬಡಾವಣೆಯೊಂದರಲ್ಲಿ. ವೆಲ್‌ಕ್ಲೋಸ್ ಚೌಕದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ನಥಾನಿಯೆಲ್ ಬ್ಯಾಗ್‌ಷಾ ವಾರ್ಡ್ (1791–1868) ಸಸ್ಯಶಾಸ್ತ್ರದಲ್ಲಿ ಆಳವಾದ ಆಸಕ್ತಿಯುಳ್ಳವನಾಗಿದ್ದು, ಮನೆಯ ಹಿತ್ತಿಲಿನಲ್ಲಿ ಜರೀಗಿಡಗಳನ್ನು ಬೆಳೆಸಲು ಬಹಳ ಪ್ರಯತ್ನಪಟ್ಟಿದ್ದನು. ಜರೀಗಿಡಗಳೆಂದರೆ ಹೂವು ಬೀಜಗಳಿಲ್ಲದೆ, ಎಲೆಯ ಹಿಂಬದಿಯಲ್ಲಿ ಮೂಡುವ ಸೂಕ್ಷ್ಮ ಬೀಜಕಗಳಿಂದ ಹರಡುವ ಸಸ್ಯಗಳು. ಸುತ್ತಲಿನ ಕಾರ್ಖಾನೆಗಳ ಕಲ್ಲಿದ್ದಲ ಹೊಗೆಗೆ ಅವು ಒಂದೊಂದಾಗಿ ಸತ್ತುಹೋದವು. 1829ರಲ್ಲಿ ಆತ ಸ್ಫಿಂಕ್ಸ್ ಪತಂಗವೊಂದರ ಕೋಶವನ್ನು, ಅಂದರೆ ಹುಳು ರೆಕ್ಕೆಯ ಕೀಟವಾಗುವ ಮೊದಲು ಸುಪ್ತವಾಗಿರುವ ಅವಸ್ಥೆಯನ್ನು, ಹಸಿಮಣ್ಣಿನಲ್ಲಿ ಹುದುಗಿಸಿ ಅಗಲಬಾಯಿಯ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದನು. ಪತಂಗ ಹೊರಬರುವುದನ್ನು ಕಾಯುತ್ತಿದ್ದಾಗ ಆ ಮಣ್ಣಿನಿಂದ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿಯೇ ಚಿಗುರಿದವು. ಹಗಲ ಬಿಸಿಗೆ ಮಣ್ಣಿನ ತೇವ ಮೇಲೇರಿ ಗಾಜಿನಲ್ಲಿ ಹನಿಗಟ್ಟಿ ಮತ್ತೆ ಕೆಳಗಿಳಿಯುವುದನ್ನೂ, ಅದರಿಂದ ಮಣ್ಣಿನ ಹಸಿ ಒಂದೇ ಮಟ್ಟದಲ್ಲಿ ಉಳಿಯುವುದನ್ನೂ ವಾರ್ಡ್ ಗಮನಿಸಿದನು. ಹಿತ್ತಿಲಿನಲ್ಲಿ ಸಾಯುತ್ತಿದ್ದ ಜಾತಿಯ ಸಸ್ಯ ಆ ಸೀಸೆಯಲ್ಲಿ ನೀರು ಕಾಣದೆ ಸುಮಾರು ನಾಲ್ಕು ವರ್ಷ ಬದುಕಿ, ಮುಚ್ಚಳ ತುಕ್ಕುಹಿಡಿದು ಮಳೆನೀರು ಒಳನುಗ್ಗಿದ ಮೇಲಷ್ಟೇ ನಾಶವಾಯಿತು. ಇದಕ್ಕೂ ಮೊದಲೇ ಸ್ಕಾಟ್ಲೆಂಡಿನಲ್ಲಿ ಮೆಕೊನೊಚಿ ಎಂಬುವನು ಗಾಜಿನ ಪೆಟ್ಟಿಗೆಯಲ್ಲಿ ಸಸ್ಯಗಳನ್ನು ಬೆಳೆಸಿದ್ದನಾದರೂ ಅದನ್ನು ಬರೆದು ಪ್ರಕಟಿಸಿರಲಿಲ್ಲವಾದ್ದರಿಂದ ಕೀರ್ತಿ ವಾರ್ಡನಿಗೇ ಸಂದಿತು. ಅದು ನ್ಯಾಯವೂ ಹೌದು, ಏಕೆಂದರೆ ಕಂಡದ್ದರ ಕಾರಣವನ್ನು ಹುಡುಕಿ, ಅದನ್ನು ಪರೀಕ್ಷೆಗೊಡ್ಡಿ, ಎಲ್ಲರಿಗೂ ತಿಳಿಸಿದವನು ಆತನೇ.

ಆ ಪರೀಕ್ಷೆ ಸಸ್ಯಸಾಗಣೆಯ ಇತಿಹಾಸದಲ್ಲಿ ಮಹತ್ವದ್ದು. ಹ್ಯಾಕ್ನಿಯಲ್ಲಿ ಹೆಸರಾಂತ ಸಸ್ಯಾಗಾರ ನಡೆಸುತ್ತಿದ್ದ ಜಾರ್ಜ್ ಲಾಡಿಜಿಸ್‌ನ ನೆರವಿನಿಂದ ವಾರ್ಡ್ 1833ರಲ್ಲಿ ಜರೀಗಿಡ, ಹಾವಸೆ, ಹುಲ್ಲುಗಳನ್ನು ತುಂಬಿದ ಎರಡು ಗಾಜಿನ ಪೆಟ್ಟಿಗೆಗಳನ್ನು ಪರ್ಷಿಯನ್ ಎಂಬ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳುಹಿಸಿದನು; ಹಡಗಿನ ನಾಯಕ ಚಾರ್ಲ್ಸ್ ಮಲಾರ್ಡ್ ಕೆಲವನ್ನು ಬಿಟ್ಟು ಉಳಿದೆಲ್ಲ ಸಸ್ಯಗಳೂ ಹಸಿರಾಗಿವೆಯೆಂದು ಬರೆದು ತಿಳಿಸಿದನು. ಹೆಚ್ಚು ಕಠಿಣವಾದದ್ದು ಮರುಪ್ರಯಾಣ. 1834ರ ಫೆಬ್ರವರಿಯಲ್ಲಿ ಸಿಡ್ನಿಯ ಬೇಸಿಗೆಯಲ್ಲಿ ಅಲ್ಲಿನ ಸಸ್ಯಗಳನ್ನು ತುಂಬಿಕೊಂಡ ಪೆಟ್ಟಿಗೆಗಳು ಕೇಪ್ ಹಾರ್ನ್ ಬಳಿ ಶೂನ್ಯಕ್ಕಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ, ಸಮಭಾಜಕವೃತ್ತದಲ್ಲಿ 49 ಡಿಗ್ರಿಯ ಆಸುಪಾಸಿನ ಬಿಸಿಯನ್ನೂ ದಾಟಿ ನವೆಂಬರಿನಲ್ಲಿ ಲಂಡನ್ ತಲುಪಿದವು. ನಡುವೆ ಅವುಗಳಿಗೆ ನೀರೆರೆದಿರಲಿಲ್ಲ. ಆದರೂ ಸಸ್ಯಗಳು ಆರೋಗ್ಯವಾಗಿದ್ದವಲ್ಲದೆ, ಸಿಡ್ನಿಯ ಮಣ್ಣಿನಲ್ಲಿ ಅಡಗಿದ್ದ ಬೀಜಗಳು ದಾರಿಯಲ್ಲೇ ಮೊಳೆತಿದ್ದವು.

ಲಾಡಿಜಿಸ್ ಮುಂದಿನ ವರ್ಷಗಳಲ್ಲಿ ಐನೂರಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಲೋಕದ ಮೂಲೆಮೂಲೆಗಳಿಗೆ ಕಳುಹಿಸಿ ತರಿಸಿಕೊಂಡು, ಹಿಂದೆ ಇಪ್ಪತ್ತರಲ್ಲಿ ಹತ್ತೊಂಬತ್ತು ಸಸ್ಯಗಳು ಸಾಯುತ್ತಿದ್ದರೆ ಈಗ ಹತ್ತೊಂಬತ್ತು ಉಳಿಯುತ್ತಿವೆಯೆಂದು ಲೆಕ್ಕ ಕೊಟ್ಟನು. ವಾರ್ಡನ ಪೆಟ್ಟಿಗೆ ಎಂದೇ ಹೆಸರಾದ ಈ ಸಾಧನ ಗಟ್ಟಿಮರದ ತಳ, ಎರಡೂ ಕಡೆಗೆ ಇಳಿಜಾರಾದ ಗಾಜಿನ ಮಾಡು, ಗಾಜು ಒಡೆಯದಂತೆ ಅಡ್ಡಪಟ್ಟಿಗಳು, ಎತ್ತಲು ಹಿಡಿಕೆಗಳು ಇಷ್ಟನ್ನು ಹೊಂದಿತ್ತು. ಅದು ಗಾಳಿಯಾಡದಂತೆ ಮುಚ್ಚಿದ್ದೆಂಬ ತಿಳಿವಳಿಕೆ ಬಹುಕಾಲದಿಂದ ಹಬ್ಬಿದೆಯಾದರೂ ಸರಿಯಲ್ಲ. ಜೋಡಣೆಗಳ ಸಂದುಗಳಲ್ಲಿ ಗಾಳಿ ನಿಧಾನವಾಗಿ ಹೋಗಿಬರುತ್ತಿತ್ತು, ತೇವ ಮಾತ್ರ ಬಹಳ ಕಡಿಮೆ ನಷ್ಟವಾಗುತ್ತಿತ್ತು. ವಾರ್ಡ್ ತನ್ನ ಅನುಭವವನ್ನು 1842ರಲ್ಲಿ ಪುಸ್ತಕವಾಗಿ ಪ್ರಕಟಿಸಿ, 1852ರಲ್ಲಿ ಅದನ್ನು ಪರಿಷ್ಕರಿಸಿದನು. ಆ ಪುಸ್ತಕದಲ್ಲಿ ಆತ, ಹಸಿರನ್ನೇ ಕಾಣದ ನಗರದ ಬಡವರ ಮನೆಗಳಿಗೆ ಇಂಥ ಪೆಟ್ಟಿಗೆಗಳಿಂದಾಗುವ ಪ್ರಯೋಜನವನ್ನು ಪ್ರತ್ಯೇಕವಾಗಿ ಚರ್ಚಿಸಿರುವುದು ಗಮನಾರ್ಹ. ದಕ್ಷಿಣ ಆಫ್ರಿಕದ ಹಾವಸೆಯ ಒಂದು ಕುಲಕ್ಕೆ ವಾರ್ಡಿಯಾ ಎಂಬ ಹೆಸರಿರುವುದು ಇವನ ಗೌರವಾರ್ಥವಾಗಿ.

ಬಡವರ ಮನೆಗೆಂದು ಆಶಿಸಿದ ಪೆಟ್ಟಿಗೆ ಮೊದಲು ಸೇರಿದ್ದು ಅನುಕೂಲಸ್ಥರ ಹಜಾರಗಳನ್ನು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ರದ್ದಾಗಿ ಗಾಜು ಅಗ್ಗವಾದ ಮೇಲೆ ಅಲಂಕೃತ ಸಸ್ಯಪೆಟ್ಟಿಗೆಗಳು ಮನೆಮನೆಯ ಕಿಟಕಿಗಳಲ್ಲಿ ಕಾಣಿಸಿಕೊಂಡವು; 1851ರ ಮಹಾಪ್ರದರ್ಶನದಲ್ಲಿ ವಾರ್ಡ್ ತನ್ನ ಪೆಟ್ಟಿಗೆಯನ್ನು ಪ್ರದರ್ಶಿಸಿದನು. ಜರೀಗಿಡಗಳ ಸಂಗ್ರಹ ಹುಚ್ಚಾಗಿ ಬೆಳೆದು, ಲೇಖಕ ಚಾರ್ಲ್ಸ್ ಕಿಂಗ್‌ಸ್ಲಿ 1855ರಲ್ಲಿ ಅದಕ್ಕೆ ಟೆರಿಡೋಮೇನಿಯ ಎಂಬ ಹೆಸರನ್ನೇ ಕೊಟ್ಟನು. ಕಾಡು, ಕಣಿವೆ, ಜಲಪಾತಗಳ ಬದಿಯಿಂದ ಬುಡಸಮೇತ ಕಿತ್ತು ತಂದು ಮಾರುವ ವ್ಯಾಪಾರ ಬೆಳೆಯಿತು. ಕಿಲಾರ್ನಿ ಜರಿಯಂತಹ, ನೀರು ಜಿನುಗುವ ಬಂಡೆಗಳ ಮೇಲಷ್ಟೇ ಬದುಕುವ ಪ್ರಭೇದಗಳು ಅನೇಕ ನೆಲೆಗಳಿಂದ ಮರೆಯಾದವು.

ಭಾರತದ ಮಟ್ಟಿಗೆ ಈ ಪೆಟ್ಟಿಗೆಯ ಕಥೆ ತೋಟದ ಬೆಳೆಗಳ ಕಥೆಯೂ ಆಗಿದೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಚೀನಾಕ್ಕೆ ಹೋದ ರಾಬರ್ಟ್ ಫಾರ್ಚೂನ್ 1848ರಿಂದ 1851ರ ಅವಧಿಯಲ್ಲಿ ಚಹಾ ಬೀಜಗಳನ್ನು ಪೆಟ್ಟಿಗೆಯ ಮಣ್ಣಿನಲ್ಲೇ ಬಿತ್ತಿ, ದಾರಿಯಲ್ಲಿ ಮೊಳೆಯಲು ಬಿಟ್ಟು, ಸಾವಿರಾರು ಸಸಿಗಳನ್ನು ಹಿಮಾಲಯದ ತಪ್ಪಲಿನ ತೋಟಗಳಿಗೆ ಮುಟ್ಟಿಸಿದನು. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ದೊರೆಯುವ ಸಿಂಕೋನ ಮರವನ್ನು ದಕ್ಷಿಣ ಅಮೆರಿಕದಿಂದ ನೀಲಗಿರಿಗೆ ತರುವ ಕೆಲಸ ಇಷ್ಟು ಸುಗಮವಾಗಿರಲಿಲ್ಲ. ಕ್ಲೆಮೆಂಟ್ಸ್ ಮಾರ್ಕಮ್ 1860ರಲ್ಲಿ ಪೆರುವಿನಿಂದ ತಂದ ಸಸಿಗಳು ಕೆಂಪು ಸಮುದ್ರದ ಧಗೆಯಲ್ಲಿ ನಲುಗಿ ಕೊನೆಗೆ ಉಳಿಯಲಿಲ್ಲ. ರಿಚರ್ಡ್ ಸ್ಪ್ರೂಸ್ ಈಕ್ವೆಡಾರಿನಲ್ಲಿ ಸಂಗ್ರಹಿಸಿ ರಾಬರ್ಟ್ ಕ್ರಾಸ್ ಜೊತೆಯಲ್ಲಿ ಕಳುಹಿಸಿದ ಕೆಂಪು ತೊಗಟೆಯ ಸಿಂಕೋನ 1861ರಲ್ಲಿ ಉದಕಮಂಡಲವನ್ನು ತಲುಪಿ ಬೇರೂರಿತು. ಬ್ರೆಜಿಲಿನಿಂದ ಹೆನ್ರಿ ವಿಕಮ್ 1876ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದ ಸುಮಾರು 70,000 ರಬ್ಬರ್ ಬೀಜಗಳಲ್ಲಿ ಮೊಳೆತವು ಅಲ್ಪಭಾಗ. ಅವುಗಳಲ್ಲಿ 1,919 ಸಸಿಗಳನ್ನು 38 ಪೆಟ್ಟಿಗೆಗಳಲ್ಲಿ ಸಿಂಹಳಕ್ಕೆ ಕಳುಹಿಸಲಾಯಿತು. ಏಷ್ಯಾದ ರಬ್ಬರ್ ತೋಟಗಳ ಬಹುಭಾಗಕ್ಕೆ ಮೂಲ ಈ ಸಸಿಗಳ ಪೀಳಿಗೆ. ಕರ್ನಾಟಕದಲ್ಲಿ ಪಚ್ಚಬಾಳೆ ಎಂದು ಪರಿಚಿತವಾದ ಕ್ಯಾವೆಂಡಿಷ್ ಗುಂಪಿನ ಬಾಳೆಯನ್ನು ಇಂಗ್ಲೆಂಡಿನ ಚಾಟ್ಸ್‌ವರ್ತ್ ಸಸ್ಯಾಗಾರದಿಂದ ಸಮೋವಾ ದ್ವೀಪಗಳಿಗೆ ಪಾದ್ರಿ ಜಾನ್ ವಿಲಿಯಮ್ಸ್ ಕೊಂಡೊಯ್ದದ್ದೂ ಇಂಥ ಪೆಟ್ಟಿಗೆಯಲ್ಲೇ.

ಈ ಸಾಗಣೆಯ ಲಾಭ ಸೇರಿದ್ದು ವಸಾಹತು ಆಡಳಿತಕ್ಕೂ ತೋಟಗಳ ಒಡೆಯರಿಗೂ; ಚೀನಾ, ಪೆರು, ಬ್ರೆಜಿಲ್ ದೇಶಗಳು ತಮ್ಮ ಸಸ್ಯಸಂಪತ್ತಿನ ಮೇಲಿದ್ದ ಏಕಸ್ವಾಮ್ಯವನ್ನು ಕಳೆದುಕೊಂಡವು, ತೋಟಗಳಲ್ಲಿ ದುಡಿದ ಕೂಲಿಗಳ ಬದುಕು ಕಷ್ಟದಲ್ಲೇ ಸಾಗಿತು. ಇದನ್ನು ಬಿಟ್ಟು ವಾರ್ಡನ ಪೆಟ್ಟಿಗೆಯನ್ನು ಬರಿಯ ಜಾಣ್ಮೆಯ ಸಾಧನವೆಂದು ಹೊಗಳುವುದು ಅರ್ಧ ಇತಿಹಾಸವಾಗುತ್ತದೆ. ಸಸ್ಯದೊಂದಿಗೆ ಮಣ್ಣೂ ಸಾಗುತ್ತಿದ್ದುದರಿಂದ ಕೀಟ, ಶಿಲೀಂಧ್ರ, ಕಳೆಗಳೂ ಹೊಸ ದೇಶಗಳನ್ನು ಸೇರಿದವು. ಈ ಅಪಾಯ ಮನವರಿಕೆಯಾದಂತೆ ಇಪ್ಪತ್ತನೆಯ ಶತಮಾನದಲ್ಲಿ ಹಲವು ದೇಶಗಳು ಸಸ್ಯಗಳ ಆಮದನ್ನು ತಪಾಸಣೆಗೊಳಪಡಿಸುವ ಕಾನೂನುಗಳನ್ನು ತಂದವು. ಅಮೆರಿಕದಲ್ಲಿ ಇಂಥ ಕಾನೂನು 1912ರಲ್ಲಿ ಜಾರಿಗೆ ಬಂದಿತು. ವಿಮಾನಸಾರಿಗೆಯೂ ಪ್ಲಾಸ್ಟಿಕ್ ಚೀಲಗಳೂ ಬಂದ ಮೇಲೆ ಭಾರವಾದ ಗಾಜಿನ ಪೆಟ್ಟಿಗೆಗಳ ಅಗತ್ಯವೇ ಉಳಿಯಲಿಲ್ಲ.

ಮನೆಯೊಳಗಿನ ಗಾಜಿನ ತೋಟ 1970ರ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಮತ್ತೆ ಜನಪ್ರಿಯವಾಯಿತು. ಈಗ ಬೆಂಗಳೂರಿನಂತಹ ನಗರಗಳ ಬಾಲ್ಕನಿಯಿಲ್ಲದ ಮನೆಗಳಿಗೂ ಅದು ಬಂದಿದೆ. ಮಾಡುವ ಕ್ರಮದಲ್ಲಿ ವಾರ್ಡನ ಕಾಲಕ್ಕೂ ಇಂದಿಗೂ ದೊಡ್ಡ ವ್ಯತ್ಯಾಸವಿಲ್ಲ. ತಳಕ್ಕೆ ತೂತಿಲ್ಲದ ಪಾತ್ರೆಯಾದ್ದರಿಂದ ಹೆಚ್ಚಾದ ನೀರು ಬೇರುಗಳನ್ನು ಮುಟ್ಟದೆ ನಿಲ್ಲಲೆಂದು ಮೊದಲು ಸಣ್ಣ ಜಲ್ಲಿಯ ಪದರ, ಮಣ್ಣು ಅದರೊಳಗೆ ಇಳಿಯದಂತೆ ಮೇಲೊಂದು ತೆಳುವಾದ ಬಲೆ, ಅದರ ಮೇಲೆ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಮರಳು ಬೆರೆಸಿದ ಹಗುರವಾದ ಮಣ್ಣನ್ನು ಹಾಕಲಾಗುತ್ತದೆ. ವಾಸನೆ ತಡೆಯಲು ಇದ್ದಿಲ ಚೂರುಗಳನ್ನು ಸೇರಿಸುವುದು ರೂಢಿಯಲ್ಲಿದೆ. ನಿಧಾನವಾಗಿ ಬೆಳೆಯುವ, ತೇವ ಬಯಸುವ ಫಿಟ್ಟೋನಿಯ, ಸೆಲಾಜಿನೆಲ್ಲ, ಚಿಕ್ಕ ಜರೀಗಿಡ, ಹಾವಸೆಗಳು ಮುಚ್ಚಿದ ಪಾತ್ರೆಗೆ ಒಗ್ಗುತ್ತವೆ. ಕಳ್ಳಿ ಮತ್ತು ದಪ್ಪ ಎಲೆಯ ಸಸ್ಯಗಳನ್ನು ಅಂಗಡಿಗಳಲ್ಲಿ ಇಂಥ ಪಾತ್ರೆಗಳಲ್ಲಿಟ್ಟು ಮಾರುವುದು ಕಾಣುತ್ತದಾದರೂ ಅವು ಒಣಹವೆಯವು. ಮುಚ್ಚಳದಡಿ ಬಹುಬೇಗ ಕೊಳೆಯುತ್ತವೆ.

ಆರೈಕೆಯಲ್ಲಿ ಹೆಚ್ಚಿನವರು ಎಡವುವುದು ಅತಿಯಾದ ನೀರಿನಿಂದ. ನೆಟ್ಟ ಮೇಲೆ ಮಣ್ಣು ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವವಿದ್ದರೆ ಸಾಕು. ಬೆಳಗಿನಲ್ಲಿ ಗಾಜಿನ ಮೇಲೆ ತೆಳುವಾದ ಮಂಜು ಕಟ್ಟಿ ಹೊತ್ತೇರಿದಂತೆ ಕರಗಿದರೆ ನೀರಿನ ಪ್ರಮಾಣ ಸರಿಯಾಗಿದೆಯೆಂದು ತಿಳಿಯಬಹುದು. ದಿನವಿಡೀ ಒಳಗಿನದು ಕಾಣದಷ್ಟು ಹನಿಗಳಿದ್ದರೆ ಮುಚ್ಚಳವನ್ನು ಕೆಲವು ಗಂಟೆ ತೆರೆದಿಡಬೇಕು, ಮಂಜೇ ಕಟ್ಟದಿದ್ದರೆ ಸ್ವಲ್ಪ ನೀರು ಸಿಂಪಡಿಸಬೇಕು. ಕಿಟಕಿಯಿಂದ ಬರುವ ತಿಳಿಬೆಳಕು ಒಳ್ಳೆಯದು. ನೇರ ಬಿಸಿಲಿಗೆ ಇಟ್ಟರೆ ಗಾಜಿನೊಳಗೆ ಸಿಕ್ಕಿಬಿದ್ದ ಶಾಖ ಸಸ್ಯಗಳನ್ನು ಬೇಯಿಸಿಬಿಡುತ್ತದೆ. ಸತ್ತ ಎಲೆಗಳನ್ನು ತೆಗೆಯುವುದು, ಗಾಜಿಗೆ ತಾಗಿದ ಚಿಗುರುಗಳನ್ನು ಕತ್ತರಿಸುವುದು, ಬೆಳವಣಿಗೆ ಹೆಚ್ಚಿಸುವ ಗೊಬ್ಬರ ಹಾಕದಿರುವುದು ಇವಿಷ್ಟು ಉಳಿದ ಕೆಲಸ.

ಜರೀಗಿಡದ ಹುಚ್ಚಿನಿಂದ ಬ್ರಿಟನ್ನಿನ ಕಣಿವೆಗಳಿಗೆ ಒದಗಿದ ಗತಿ ಪಶ್ಚಿಮ ಘಟ್ಟಗಳಿಗೆ ಬರಬಾರದು. ಆಗುಂಬೆ, ಕೊಡಗು, ಕುದುರೆಮುಖಗಳ ಬಂಡೆಗಳ ಮೇಲೆ ಹಾವಸೆಯ ಹಾಸು ಬೆಳೆಯಲು ಬಹುಕಾಲ ಹಿಡಿಯುತ್ತದೆ. ಅದು ಮಳೆನೀರನ್ನು ಹೀರಿಟ್ಟುಕೊಳ್ಳುತ್ತದೆ, ಸಣ್ಣ ಜೀವಿಗಳಿಗೆ ಆಸರೆಯಾಗುತ್ತದೆ. ಆದುದರಿಂದ ಟೆರೇರಿಯಂ ಮಾಡಬಯಸುವವರು ಕಾಡಿನ ಹಾವಸೆಯನ್ನೂ ಜರೀಗಿಡಗಳನ್ನೂ ಕೀಳದೆ, ಸಸ್ಯಾಗಾರಗಳಲ್ಲಿ ಬೆಳೆಸಿದ ಸಸಿಗಳನ್ನೇ ಕೊಳ್ಳಬೇಕು. ಹಾವಸೆ ಬೇಕಾದರೆ ಮಳೆಗಾಲದಲ್ಲಿ ತಮ್ಮ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಬೆಳೆದದ್ದರಲ್ಲಿ ಅಂಗೈಯಗಲದಷ್ಟನ್ನು ಎತ್ತಿಕೊಂಡರೆ ಒಂದು ಸೀಸೆಗೆ ಸಾಕಾಗುತ್ತದೆ.