ಹಂಪಿಯ ಸಾಲು ಮಂಟಪ: ಕಂಬ ಉಳಿದವು, ಮನೆ ಹೋದವು

ನಾಯಕನಹಟ್ಟಿ ಜಾತ್ರೆಗೆ ಹೋದವರಿಗೆ ನೆರಳಿನ ಬೆಲೆ ಗೊತ್ತು. ಮಾರುವವರಿಗೂ ಕೊಳ್ಳುವವರಿಗೂ ತಲೆ ಮೇಲೊಂದು ಸೂರು ಬೇಕು. ಐನೂರು ವರ್ಷಗಳ ಹಿಂದೆ ಹಂಪಿಯಲ್ಲಿ ಆ ಸೂರನ್ನು ಕಲ್ಲಿನಲ್ಲೇ ಕಟ್ಟಿದ್ದರು.

ವಿರೂಪಾಕ್ಷ ಗುಡಿಯ ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ನೇರ ಬೀದಿ. ನಡುವೆ ತೇರು ಸಾಗುವಷ್ಟು ಅಗಲ. ಎರಡೂ ಬದಿ ಸಾಲು ಮಂಟಪ: ಕಲ್ಲಿನ ಜಗುಲಿ, ಅದರ ಮೇಲೆ ಕಂಬ, ಕಂಬದ ಮೇಲೆ ಚಪ್ಪಡಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಈ ಬೀದಿಯ ಕಂಬಸಾಲಿನ ಮನೆಗಳಲ್ಲಿ ಯಾತ್ರಿಕರು ತಂಗುತ್ತಿದ್ದರೆಂದು ಬರೆದಿದ್ದಾನೆ.

1565ರ ತಾಳಿಕೋಟೆ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಗುಡಿಯ ಪೂಜೆ ಮಾತ್ರ ಉಳಿಯಿತು. ಕಾಲಾಂತರದಲ್ಲಿ ಜನ ಕಂಬಗಳ ನಡುವೆ ಗೋಡೆ ಎಬ್ಬಿಸಿ ಸಂಸಾರ ಹೂಡಿದರು. ಚಹಾ, ಹಣ್ಣುಕಾಯಿ, ಬಟ್ಟೆ, ಪುಸ್ತಕದ ಅಂಗಡಿಗಳು ಬಂದವು.

1986ರಲ್ಲಿ ಹಂಪಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2011ರ ಜುಲೈನಲ್ಲಿ ಬುಲ್ಡೋಜರ್ ತಂದು ಮಂಟಪದೊಳಗಿನ ಮನೆ, ಅಂಗಡಿಗಳನ್ನು ಕೆಡವಿದರು. ಗೋಡೆ, ಗಾರೆ, ಮೊಳೆಗಳಿಂದ ಸ್ಮಾರಕ ಕೆಡುತ್ತದೆ ಎಂಬುದು ಅಧಿಕಾರಿಗಳ ವಾದ. ಹೊಟ್ಟೆಪಾಡು ಇರುವುದೇ ಇಲ್ಲಿ ಎಂಬುದು ಜನರ ಮಾತು. ಅವರಿಗೆ ಬದಲಿ ಜಾಗ ತೋರಿಸಿದ್ದು ಕಡ್ಡಿರಾಂಪುರದಲ್ಲಿ, ಗುಡಿಯ ಬೀದಿಯಿಂದ ದೂರ.

ಫ್ರಾನ್ಸಿನ ಮೊಂಪಾಜಿಯೆ ಎಂಬ ಸಣ್ಣ ಊರು 1284ರಲ್ಲಿ ಹುಟ್ಟಿದ್ದು. ಅಲ್ಲಿ ಸಂತೆ ಚೌಕದ ಸುತ್ತ ಕಮಾನು ಸಾಲಿನ ಮನೆಗಳಿವೆ. ಕೆಳಗೆ ಓಡಾಟ, ವ್ಯಾಪಾರ, ಮೇಲೆ ವಾಸ. ಸರ್ಕಾರ ಅವನ್ನು ಸ್ಮಾರಕವೆಂದು ಕಾಯುತ್ತದೆ, ಜನರೂ ಅಲ್ಲೇ ಇದ್ದಾರೆ. ಆದರೆ ಅವು ಮೊದಲಿಂದಲೂ ಮನೆಗಳೇ. ನಮ್ಮವು ತೆರೆದ ಮಂಟಪಗಳು. ಬಚ್ಚಲಿಗೂ ಅಡುಗೆಗೂ ಕಟ್ಟಿದವಲ್ಲ. ಹಾಗಾಗಿ ಅಲ್ಲಿಯದನ್ನು ಇಲ್ಲಿಗೆ ಹಾಗೇ ತರಲಾಗದು.

ಹಾಗೆಂದು ಬೀದಿಯನ್ನು ಪೂರ್ತಿ ಖಾಲಿ ಮಾಡುವುದೊಂದೇ ದಾರಿಯೇ? 2024ರ ಮೇ ತಿಂಗಳ ಮಳೆಗೆ ಸಾಲು ಮಂಟಪದ ಒಂದು ಭಾಗ ಕುಸಿದುಬಿತ್ತು. ಜನರಿದ್ದಿದ್ದರೆ ಬೀಳುತ್ತಿರಲಿಲ್ಲ ಎನ್ನಲಾಗದು. ಆದರೆ ಜನರನ್ನು ಎಬ್ಬಿಸಿದ ಮಾತ್ರಕ್ಕೆ ಕಲ್ಲು ಗಟ್ಟಿಯಾಗುವುದಿಲ್ಲ ಎಂಬುದಂತೂ ಕಣ್ಣಿಗೆ ಕಂಡಿತು. ಬುನಾದಿ ನೋಡಬೇಕು, ಮಳೆನೀರು ಹರಿದುಹೋಗಲು ದಾರಿ ಮಾಡಬೇಕು, ವಾಲಿದ ಕಂಬಕ್ಕೆ ಹೊತ್ತಿಗೆ ಸರಿಯಾಗಿ ಊರೆ ಕೊಡಬೇಕು.

ವಾಸ ಬೇರೆ, ವ್ಯಾಪಾರ ಬೇರೆ. ಗೋಡೆ ಕಟ್ಟದೆ, ಒಲೆ ಹೂಡದೆ ಜಗುಲಿಯ ಮೇಲೆ ಹಗಲು ಹೂವು, ಕಾಯಿ ಮಾರಲು ಬಿಟ್ಟರೆ ಕಂಬಕ್ಕೇನು ನಷ್ಟ? ನಾಳೆ ನಮ್ಮೂರ ಹಳೇ ಗುಡಿಬೀದಿಗೂ ಇದೇ ಮಾತು ಬರಬಹುದು. ಆಗ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಕಲ್ಲನ್ನು ನೋಡಿಕೊಳ್ಳುವವರು ಯಾರು? ಅದರ ನೆರಳಲ್ಲಿ ಬದುಕಿದವರು ಹೋಗುವುದೆಲ್ಲಿಗೆ?