ಹಾಬ್ಸನ್ನನ ಕುದುರೆ, ನೆಲ್ಸನ್ನನ ಕಣ್ಣು

‘ಅವನು ಆ ಆಸೆಗೆ ಎಳ್ಳುನೀರು ಬಿಟ್ಟ’ ಎನ್ನುತ್ತೇವೆ. ಕನ್ನಡ ಕಲಿಯುತ್ತಿರುವ ಪರದೇಶದವನೊಬ್ಬನು ಇದನ್ನು ಕೇಳಿ, ನಿಘಂಟು ತೆಗೆದು, ಎಳ್ಳೆಂದರೇನು ನೀರೆಂದರೇನು ಎಂದು ನೋಡಿಕೊಂಡರೆ ಅವನ ಕೈಗೆ ಹತ್ತುವುದೇನು? ತರ್ಪಣದ ಸಂಗತಿ ತಿಳಿದವನಿಗೆ ಮಾತ್ರ ಆ ಮಾತು ಬಾಯಿಬಿಡುತ್ತದೆ. ಇಂಗ್ಲಿಷಿನ ನುಡಿಗಟ್ಟುಗಳ ಮುಂದೆ ನಿಂತಾಗ ನಮ್ಮ ಪಾಡೂ ಇದೇ. ಬಿಡಿಪದಗಳೆಲ್ಲ ಗೊತ್ತು, ಇಡಿಯ ಮಾತಿನ ಅರ್ಥ ಮಾತ್ರ ಗೊತ್ತಿಲ್ಲ. ಎಷ್ಟೋ ವೇಳೆ ಅದು ಅಡಗಿರುವುದು ನಿಘಂಟಿನಲ್ಲಲ್ಲ, ಚರಿತ್ರೆಯಲ್ಲಿ.

‘ಹಾಬ್ಸನ್ಸ್ ಚಾಯ್ಸ್’ ಎಂಬ ಮಾತನ್ನು ನೀವು ಇಂಗ್ಲಿಷ್ ಪತ್ರಿಕೆಗಳಲ್ಲಿ ಕಂಡಿರಬಹುದು. ಈ ಹಾಬ್ಸನ್ ಕಟ್ಟುಕಥೆಯ ಮನುಷ್ಯನಲ್ಲ. ಥಾಮಸ್ ಹಾಬ್ಸನ್ ಎಂಬಾತ ಕೇಂಬ್ರಿಜ್ ಪಟ್ಟಣದಲ್ಲಿದ್ದು, ಅಲ್ಲಿಂದ ಲಂಡನ್ನಿಗೆ ಗಾಡಿಗಳಲ್ಲಿ ಕಾಗದಪತ್ರ, ಸರಕು ಸಾಗಿಸುತ್ತಿದ್ದ. ಜೊತೆಗೆ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಅವನ ಲಾಯದಲ್ಲಿ ಸುಮಾರು 40 ಕುದುರೆಗಳಿದ್ದುವಂತೆ. ಗಿರಾಕಿಗಳಲ್ಲಿ ವಿಶ್ವವಿದ್ಯಾನಿಲಯದ ಹುಡುಗರೂ ಇದ್ದರು. ಹುಡುಗರ ಸ್ವಭಾವ ನಿಮಗೆ ಹೇಳಬೇಕಾಗಿಲ್ಲ. ಎಲ್ಲರಿಗೂ ಚೆನ್ನಾಗಿ ಓಡುವ ಕುದುರೆಯೇ ಬೇಕು. ಹೀಗಾದರೆ ಒಳ್ಳೆಯ ಕುದುರೆಗಳು ದಣಿದು ಸಾಯುವುವು, ಮಿಕ್ಕವು ಮೇವು ತಿಂದು ಕೊಬ್ಬುವುವು. ಅದಕ್ಕೆ ಹಾಬ್ಸನ್ ಒಂದು ಕಟ್ಟಳೆ ಮಾಡಿದ: ಲಾಯದ ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ತೆಗೆದುಕೊಳ್ಳಬೇಕು, ಒಲ್ಲದಿದ್ದರೆ ನಡೆದುಕೊಂಡು ಹೋಗಬಹುದು. ಸವಾರಿ ಮುಗಿಸಿ ಬಂದ ಕುದುರೆ ಸಾಲಿನ ಕೊನೆಗೆ. ಕುದುರೆಗೂ ನ್ಯಾಯ, ಗಿರಾಕಿಗೂ ನ್ಯಾಯ. 1712ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆ ಈ ಕಥೆಯನ್ನು ಮನೆಮನೆಗೂ ಮುಟ್ಟಿಸಿತು. 1631ರಲ್ಲಿ ಹಾಬ್ಸನ್ ತೀರಿಕೊಂಡಾಗ, ಆಗಿನ್ನೂ ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದ ಮಿಲ್ಟನ್ ಕವಿ ಅವನ ಮೇಲೆ ಎರಡು ವಿನೋದದ ಪದ್ಯಗಳನ್ನು ಬರೆದ. ಗಾಡಿಯವನೊಬ್ಬನಿಗೆ ಇದೇನು ಸಣ್ಣ ಭಾಗ್ಯವೆ!

ಈ ಲಾಯದ ಬಾಗಿಲನ್ನು ಕಣ್ಣಮುಂದೆ ಇಟ್ಟುಕೊಂಡರೆ ನೀವು ಒಂದು ತಪ್ಪಿನಿಂದ ಪಾರಾಗುತ್ತೀರಿ. ಎರಡು ಕಷ್ಟಗಳ ನಡುವೆ ಸಿಕ್ಕಿಕೊಂಡವನ ಸ್ಥಿತಿಗೆ ಬಲ್ಲವರೂ ಕೆಲವೊಮ್ಮೆ ‘ಹಾಬ್ಸನ್ಸ್ ಚಾಯ್ಸ್’ ಎಂದು ಬರೆದುಬಿಡುತ್ತಾರೆ. ಅದು ನಮ್ಮ ‘ಅತ್ತ ದರಿ, ಇತ್ತ ಪುಲಿ’. ಅಲ್ಲಿ ಎರಡು ದಾರಿಗಳಿವೆ, ಎರಡೂ ಕೆಟ್ಟವು. ಹಾಬ್ಸನ್ನನ ಬಳಿ ಇರುವುದು ಒಂದೇ ಕುದುರೆ, ಅದು ಒಳ್ಳೆಯದೇ ಇದ್ದೀತು. ಆದರೆ ಆರಿಸುವ ಹಕ್ಕು ನಿಮ್ಮದಲ್ಲ.

ಇನ್ನು ‘ಟು ಟರ್ನ್ ಎ ಬ್ಲೈಂಡ್ ಐ’. ಈ ಮಾತನ್ನು ಪ್ರಸಿದ್ಧಿಗೆ ತಂದದ್ದು ನೌಕಾಪತಿ ನೆಲ್ಸನ್ನನ ಹೆಸರು. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಳಗವೊಂದರಲ್ಲಿ ಅವನ ಬಲಗಣ್ಣಿನ ದೃಷ್ಟಿ ಹೋಗಿತ್ತು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ನಿನ ಎದುರು ಯುದ್ಧ ಬಿರುಸಾಗಿ ನಡೆದಿರುವಾಗ, ದೂರದಲ್ಲಿದ್ದ ಮೇಲಧಿಕಾರಿ ಸರ್ ಹೈಡ್ ಪಾರ್ಕರ್ ಕಾಳಗ ನಿಲ್ಲಿಸುವಂತೆ ಬಾವುಟದ ಸಂಜ್ಞೆ ಏರಿಸಿದ. ನೆಲ್ಸನ್ ದುರ್ಬೀನನ್ನು ಕುರುಡುಗಣ್ಣಿಗೆ ಹಿಡಿದು, ತನಗೆ ಸಂಜ್ಞೆಯೇ ಕಾಣುತ್ತಿಲ್ಲವೆಂದ. ಕಾಳಗ ಮುಂದುವರಿಸಿ ಗೆದ್ದ. ದುರ್ಬೀನಿನ ಪ್ರಸಂಗವನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೂ ಮಾತಿನ ತಿರುಳು ಅದರಲ್ಲೇ ಇದೆ: ಸಂಜ್ಞೆ ಹಾರಿದ್ದು ನೆಲ್ಸನ್ನನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ತಪ್ಪಿದವನಿಗೆ ಈ ನುಡಿಗಟ್ಟು ಸಲ್ಲದು. ಕನ್ನಡದಲ್ಲಿ ಇದಕ್ಕೆ ಇನ್ನೂ ಚೊಕ್ಕವಾದ ಮಾತುಂಟು — ಜಾಣಗುರುಡು.

ಕೆಲವು ಮಾತುಗಳ ಕಾವು ಕಾಲಕ್ರಮದಲ್ಲಿ ಆರಿಹೋಗುತ್ತದೆ. ಮಕ್ಕಳ ಗಲಾಟೆ ಹೆಚ್ಚಿ ತಂದೆ ಗದರಿಸಿದರೆ, ಅವನು ‘ರಯಟ್ ಆಕ್ಟ್’ ಓದಿದ ಎನ್ನುತ್ತಾರೆ ಇಂಗ್ಲಿಷಿನವರು. 1715ರಲ್ಲಿ ಜಾರಿಗೆ ಬಂದ ಆ ಶಾಸನದಲ್ಲಿ ಮನೆಯ ಗದರಿಕೆಯ ಸುಳಿವೂ ಇರಲಿಲ್ಲ. 12 ಮಂದಿ ಅಥವಾ ಹೆಚ್ಚು ಜನ ಗುಂಪುಗೂಡಿ ದೊಂಬಿ ಎಬ್ಬಿಸಿದರೆ, ಮ್ಯಾಜಿಸ್ಟ್ರೇಟನು ಬಂದು ದೊರೆಯ ಹೆಸರಿನಲ್ಲಿ ಗೊತ್ತಾದ ಒಕ್ಕಣೆಯನ್ನು ಗಟ್ಟಿಯಾಗಿ ಓದಬೇಕು. ಅಲ್ಲಿಂದ ಒಂದು ಗಂಟೆಯೊಳಗೆ ಚದರದೆ ಉಳಿದವರಿಗೆ ಮರಣದಂಡನೆ ಆಗಬಹುದಿತ್ತು. ಓದದೆ ಶಿಕ್ಷೆಯಿಲ್ಲ, ಓದಿದ ಮೇಲೆ ಕ್ಷಮೆಯಿಲ್ಲ. ಈಗ ಆ ಶಾಸನ ರದ್ದಾಗಿದೆ, ನೇಣೂ ಹೋಗಿದೆ. ಉಳಿದಿರುವುದು ಅಪ್ಪನ ಕೆಂಗಣ್ಣು.

ಹಾಗೆಂದು ಪ್ರತಿಯೊಂದು ನುಡಿಗಟ್ಟಿನ ಬೆನ್ನಿಗೂ ಅಂಟಿಸಿದ ಕಥೆಯನ್ನು ನಂಬಬೇಡಿ. ಜಡಿಮಳೆಗೆ ಇಂಗ್ಲಿಷಿನಲ್ಲಿ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎನ್ನುವುದುಂಟು. ಹಿಂದೆ ಹುಲ್ಲುಮಾಡಿನ ಮೇಲೆ ಮಲಗುತ್ತಿದ್ದ ಬೆಕ್ಕುನಾಯಿಗಳು ಮಳೆಗೆ ಜಾರಿ ಕೆಳಗೆ ಬೀಳುತ್ತಿದ್ದುವೆಂದು ಯಾರೋ ಕಥೆ ಕಟ್ಟಿದ್ದಾರೆ. ಆಧಾರ ಏನೂ ಇಲ್ಲ. 1738ರಲ್ಲಿ ಅಚ್ಚಾದ ಸ್ವಿಫ್ಟನ ಸಂಭಾಷಣೆಗಳ ಪುಸ್ತಕದಲ್ಲಿ ಈ ಮಾತಿದೆ. ಎಲ್ಲಿಂದ ಹುಟ್ಟಿತೆಂದು ವಿದ್ವಾಂಸರು ಇಂದಿಗೂ ನಿರ್ಧರಿಸಿಲ್ಲ. ಅರ್ಥದಲ್ಲೇನೋ ಸಂದೇಹವಿಲ್ಲ, ನಾವು ಮುಸಲಧಾರೆ ಎನ್ನುವ ಮಳೆಯೇ ಅದು. ಮುಸಲವೆಂದರೆ ಒನಕೆ. ಮೋಡದಿಂದ ಒನಕೆ ಬಿದ್ದುದನ್ನು ನಮ್ಮಲ್ಲಿಯೂ ಯಾರೂ ಕಂಡಿಲ್ಲ.