ಕಡತ ಒರೆಸುವ ಮುನ್ನ



ಕಂಪ್ಯೂಟರಿನ 'ಫೈಲ್'ಗೆ ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಸರ್ಕಾರಿ ಕಚೇರಿಯ ಕಾಗದದ ಕಟ್ಟಿನಿಂದ ಬಂದ ಮಾತಿದು ಎಂದು ಹಲವರು ಭಾವಿಸಿದ್ದಾರೆ. ಆದರೆ ಕಡತವೆಂಬುದು ಮೂಲತಃ ಬಟ್ಟೆಯ ಪುಸ್ತಕ. ಮನೆಯ ಕಂಪ್ಯೂಟರನ್ನು 'ಫಾರ್ಮ್ಯಾಟ್' ಮಾಡಿಸುವುದೆಂದರೆ ಏನೆಂದು ಕೇಳುವವರಿಗೆ ಈ ಪುಸ್ತಕದ ಇತಿಹಾಸದಿಂದಲೇ ಉತ್ತರಿಸಬಹುದು.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತಮ್ಮ ಇತಿಹಾಸ ಗ್ರಂಥದ ಮುನ್ನುಡಿಯಲ್ಲಿ ಕಡತವನ್ನು ವರ್ಣಿಸಿದ್ದಾರೆ. ಸುಮಾರು ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡೂ ಬದಿಗೆ ಇದ್ದಿಲ ಪುಡಿ ಬೆರೆಸಿದ ಸರಿಯ ಲೇಪ. ಒಣಗಿದ ಮೇಲೆ ಸಮನಾದ ಮಡಿಕೆಗಳು, ತುದಿಗಳಿಗೆ ಮರದ ಹಲಗೆಗಳು. ಬರೆಯುವುದು ಬಳಪದಿಂದ. ಸ್ಲೇಟಿನಂತೆಯೇ ಒರೆಸಿ ಮತ್ತೆ ಬರೆಯಬಹುದಿತ್ತು. ವರ್ತಕರ ಲೆಕ್ಕಪತ್ರಗಳಿಗೂ ರಾಜ್ಯದ ದಾಖಲೆಗಳಿಗೂ ಇದೇ ಆಧಾರವಾಗಿತ್ತು. ಬೇಡವಾದುದನ್ನು ಒರೆಸಬೇಕು, ಬೇಕಾದುದನ್ನು ಜತನದಿಂದಿಡಬೇಕು ಎಂಬ ವಿವೇಕವನ್ನು ಈ ವಸ್ತುವೇ ಬೇಡುತ್ತಿತ್ತು.

ಇನ್ನು ಹಾರ್ಡ್ ಡಿಸ್ಕಿನ ವಿಷಯ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ವ್ಯಾಸದ ಐವತ್ತು ತಟ್ಟೆಗಳಿದ್ದವು. ಅವುಗಳಲ್ಲಿ ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. 1983ರಲ್ಲಿ ಅದೇ ಸಂಸ್ಥೆಯ ಪಿಸಿ ಎಕ್ಸ್‌ಟಿ ಹತ್ತು ಮೆಗಾಬೈಟಿನ ಡಿಸ್ಕಿನೊಂದಿಗೆ ಬಂದಿತು. ಹೊಸ ನೋಟ್‌ಬುಕ್ಕಿಗೆ ಗೆರೆ ಎಳೆದು, ಪುಟಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಪರಿವಿಡಿಗೆ ಜಾಗ ಬಿಡುವಂತೆ, ಖಾಲಿ ಡಿಸ್ಕನ್ನು ಬರವಣಿಗೆಗೆ ಅಣಿಗೊಳಿಸುವ ಕ್ರಿಯೆಯೇ ಫಾರ್ಮ್ಯಾಟ್. ಅಳಿಸುವುದು ಅದರ ಮೂಲ ಉದ್ದೇಶವಲ್ಲ.

ಬರೆದ ಡಿಸ್ಕನ್ನೇ ಮತ್ತೆ ಫಾರ್ಮ್ಯಾಟ್ ಮಾಡಿದರೆ? 'ಕ್ವಿಕ್ ಫಾರ್ಮ್ಯಾಟ್' ಹಳೆಯ ಪರಿವಿಡಿಯನ್ನು ಕಿತ್ತು ಹೊಸದನ್ನು ಹಾಕುತ್ತದೆ. ಒಳಪುಟಗಳ ಬರಹ ಅಲ್ಲಿಯೇ ಇರುತ್ತದೆ. ಆದ್ದರಿಂದಲೇ ತಿರುಗುವ ಡಿಸ್ಕುಗಳಿಂದ ತಜ್ಞರು ಎಷ್ಟೋ ಬಾರಿ ಕಡತಗಳನ್ನು ಮರಳಿ ಪಡೆಯಬಲ್ಲರು. ವಿಂಡೋಸ್ ಎಕ್ಸ್‌ಪಿಯ ಪೂರ್ಣ ಫಾರ್ಮ್ಯಾಟ್ ಕೂಡ ಡಿಸ್ಕಿನ ಕೆಟ್ಟ ಜಾಗಗಳನ್ನು ಹುಡುಕುತ್ತಿತ್ತೇ ಹೊರತು ಬರಹವನ್ನು ಒರೆಸುತ್ತಿರಲಿಲ್ಲ. 2007ರಲ್ಲಿ ಜನರಿಗೆ ದೊರೆತ ವಿಸ್ತಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಎಲ್ಲೆಡೆ ಸೊನ್ನೆ ತುಂಬುತ್ತದೆ. ಇಂದಿನ ಎಸ್‌ಎಸ್‌ಡಿಗಳಲ್ಲಂತೂ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಹಳೆಯದು ಸಿಗುವ ಆಸೆ ಕಡಿಮೆ. ಹಳೆಯ ಯಂತ್ರದ ಧೈರ್ಯವನ್ನು ಹೊಸ ಯಂತ್ರಕ್ಕೆ ಒಯ್ಯಬಾರದು.

ಕನ್ನಡಿಗರ ಮನೆಗಳಲ್ಲಿ ಇನ್ನೊಂದು ವಿಪತ್ತೂ ಇತ್ತು. 1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದುದು ಆಯಾ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುತ್ತಿತ್ತು. ಫಾರ್ಮ್ಯಾಟ್ ಆದ ಯಂತ್ರದಲ್ಲಿ ಫಾಂಟೂ ಹೋಗಿರುತ್ತಿತ್ತು. ಬೇರೆಡೆ ಉಳಿಸಿಟ್ಟ ಕಡತವನ್ನು ತೆರೆದವರು ಅದು ಕೆಟ್ಟಿತೆಂದು ತಿಳಿದು ಎಸೆದರೆ, ಇದ್ದ ಬರಹವೂ ಇಲ್ಲವಾದಂತೆ! ನಿಮ್ಮ ಮನೆಯಲ್ಲಿ ಅಂಥ ಸಿಡಿಗಳಿದ್ದರೆ ದಯವಿಟ್ಟು ಎಸೆಯಬೇಡಿ. ಫಾಂಟ್ ಹಾಕಿದರೆ ಅಕ್ಷರಗಳು ಮರಳುತ್ತವೆ. ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಆ ಫಾಂಟಿನ ಹಂಗೂ ತಪ್ಪುತ್ತದೆ.

ಒಂದೇ ಕಡೆ ಇರುವ ಬರಹಕ್ಕೆ ಅಳಿವಿನ ಭಯ ಹೆಚ್ಚು. ಹಲವು ಕಡೆ ಇರುವುದು ಬರಹವೇ ಆಗಬೇಕೆಂದಿಲ್ಲ. ನ್ಯಾಮತಿ ತಾಲ್ಲೂಕಿನ ನಮ್ಮ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾಗಿದೆ. ಅವರು 1739ರಲ್ಲಿ ಜನಿಸಿದರೆಂಬುದು ಪರಂಪರೆಯ ನಂಬಿಕೆ. ಬಂಜಾರರ ನುಡಿಗೆ ಸ್ವಂತ ಲಿಪಿಯಿಲ್ಲ. ಆದರೂ ಸೇವಾಲಾಲರ ಕಥನ ತಾಂಡಾದಿಂದ ತಾಂಡಾಕ್ಕೆ, ಅಜ್ಜಿಯಿಂದ ಮೊಮ್ಮಗಳಿಗೆ ಹಾಡಾಗಿ ಹರಿದು ಬಂದಿದೆ. ಒಂದು ಕಂಠ ಮೌನವಾದರೂ ನೂರು ಕಂಠಗಳಲ್ಲಿ ಅದು ಉಳಿಯುತ್ತದೆ.

ನಮ್ಮ ಮನೆಗಳ ಕಡತಗಳಿಗೂ ಇದೇ ನ್ಯಾಯ. ಫಾರ್ಮ್ಯಾಟಿಗೆ ಮೊದಲು 'ಡಿ' ಡ್ರೈವಿನಲ್ಲಿದೆ ಎಂಬ ಸಮಾಧಾನ ಸಾಲದು. ಡೆಸ್ಕ್‌ಟಾಪಿನಲ್ಲಿಟ್ಟದ್ದು ಸಾಮಾನ್ಯವಾಗಿ 'ಸಿ' ಡ್ರೈವಿನಲ್ಲಿಯೇ ಇರುತ್ತದೆ. ಪ್ರತ್ಯೇಕವಾದ ಎರಡು ಕಡೆ ಪ್ರತಿ ಮಾಡಿ, ಎರಡನ್ನೂ ತೆರೆದು ನೋಡಿ, ಆನಂತರವೇ ಯಂತ್ರವನ್ನು ರಿಪೇರಿಯವರ ಕೈಗೊಪ್ಪಿಸಿ. ತಂತ್ರಾಂಶವನ್ನು ಮತ್ತೆ ಹಾಕಿಕೊಳ್ಳಬಹುದು. ನಿಮ್ಮ ತಾಯಿ ಹೇಳಿ ಬರೆಸಿದ ಹಾಡನ್ನು ಯಾವ ಅಂಗಡಿಯೂ ಮಾರುವುದಿಲ್ಲ.